ಅಘನಾಶಿನಿ ಅಳಿವೆ ಹತ್ತಿರ ಮರಳಲ್ಲಿ ಸಿಕ್ಕ ಈ ಭಾರದ ವಸ್ತು ಏನು?

ನೀವು ಕೇಳಿದ್ದು ಇಷ್ಟು: ಮಳೆಗಾಲ ಮುಗಿದ ಮೇಲೆ ತದಡಿ ಕಡೆ ದಂಡೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹೋದಾಗ ಗೇಣುದ್ದದ ಬೂದು ಬಣ್ಣದ ವಸ್ತು ಸಿಕ್ಕಿದೆ. ತೂಕ ಸುಮಾರು 3 ಕೆಜಿ 200 ಗ್ರಾಂ. ಮೇಲ್ತುದಿ ಸಪೂರ, ಅಲ್ಲೊಂದು ತೂತು. ತಳ ದಪ್ಪ, ಅಲ್ಲೊಂದು ಗುಳಿ. ಆಯಸ್ಕಾಂತ ಅಂಟುವುದಿಲ್ಲ. ಫಿರಂಗಿ ಗುಂಡೋ ಲಿಂಗವೋ ಅಂತ ಮನೆಯಲ್ಲಿ ವಾದ ನಡೆದಿದೆ.

ಎರಡೂ ಅಲ್ಲ. ಅದು ಹಡಗಿನವರು ನೀರಿನ ಆಳ ನೋಡುತ್ತಿದ್ದ ಸೀಸದ ಗುಂಡು. ಗುಟ್ಟು ಇರುವುದು ತಳದ ಗುಳಿಯಲ್ಲಿ. ಅದರೊಳಗೆ ಪ್ರಾಣಿ ಕೊಬ್ಬು ಮೆತ್ತಿ, ಮೇಲಿನ ತೂತಿಗೆ ಹಗ್ಗ ಕಟ್ಟಿ ನೀರಿಗೆ ಬಿಡುತ್ತಿದ್ದರು. ಹಗ್ಗ ಎಷ್ಟು ಇಳಿಯಿತು ಅನ್ನುವುದರಿಂದ ಆಳ ಗೊತ್ತಾಗುತ್ತಿತ್ತು. ಮೇಲೆ ಎಳೆದಾಗ ಕೊಬ್ಬಿಗೆ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿರುತ್ತಿತ್ತು. ಲಂಗರು ಹಾಕುವ ಮೊದಲು ತಳ ಎಂಥದು ಅಂತ ತಿಳಿಯಬೇಕಲ್ವಾ? ಇಂಗ್ಲಿಷರ ಹಡಗುಗಳಲ್ಲಿ ಹಗ್ಗಕ್ಕೆ 2 ಮಾರಿನಲ್ಲಿ ಎರಡು ಸೀಳಿನ ತೊಗಲು, 5ರಲ್ಲಿ ಬಿಳಿ ಬಟ್ಟೆ, 7ರಲ್ಲಿ ಕೆಂಪು ಬಟ್ಟೆ, ಹೀಗೆ ಗುರುತು ಕಟ್ಟುತ್ತಿದ್ದರು. ಬೇರೆ ಬೇರೆ ಬಟ್ಟೆ, ತೊಗಲು ಯಾಕೆಂದರೆ ಕತ್ತಲಲ್ಲೂ ಮುಟ್ಟಿ ತಿಳಿಯಬಹುದು. ಅವರ ಒಂದು ಮಾರು ಅಂದರೆ 6 ಅಡಿ.

ನಿಮ್ಮ ಫೋಟೋದಲ್ಲಿ ಪಕ್ಕದಲ್ಲಿ 7 ಅಂತ ಕೊರೆದಂತೆ ಕಾಣುತ್ತದೆ. 7 ಪೌಂಡ್ ಅಂದರೆ 3 ಕೆಜಿ 175 ಗ್ರಾಂ. ಕೈಯಿಂದ ಎಸೆಯುವ ಗುಂಡುಗಳು 7ರಿಂದ 14 ಪೌಂಡ್ ಇರುತ್ತಿದ್ದವು. ನನಗಂತೂ ಇಷ್ಟು ಸಾಕು.

ಆ ಜಾಗದಲ್ಲಿ ಸಿಕ್ಕಿದ್ದೂ ಸಹಜವೇ. ನಾನು ಕುಮಟಾದವನು, ನಮ್ಮ ಕಡೆ ಅಳಿವೆಗಳ ಮರಳು ದಿಬ್ಬ ಒಂದೇ ಕಡೆ ನಿಲ್ಲುವುದಿಲ್ಲ. ಪ್ರತಿ ಮಳೆಗಾಲಕ್ಕೂ ದಾರಿ ಬದಲು. ಆಳ ನೋಡದೆ ಒಳಗೆ ಬಂದ ಹಡಗು ದಿಬ್ಬಕ್ಕೆ ಕೂತಿತೇ ಸೈ. 1800ರ ದಶಕಗಳಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಈ ಕರಾವಳಿಯಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಮಾತ್ರ 'ಕುಮಟಾ ಹತ್ತಿ'!

ಆದರೆ ಗುಂಡಿನ ವಯಸ್ಸು ಆಕಾರ ನೋಡಿ ಹೇಳಲಾಗದು. ಶತಮಾನಗಟ್ಟಲೆ ಅದೇ ಆಕಾರ. ಶಬ್ದದಿಂದ ಆಳ ಅಳೆಯುವ ಯಂತ್ರ ಬಂದ ಮೇಲೂ ಕೆಲವರು ಇಟ್ಟುಕೊಂಡಿದ್ದರು.

ಅನುಮಾನ ಇದ್ದರೆ ಹೀಗೆ ಮಾಡಿ. ದಾರ ಕಟ್ಟಿ ತೂಗು ತಕ್ಕಡಿಗೆ ಸಿಕ್ಕಿಸಿ, ಬಕೆಟ್ ನೀರಲ್ಲಿ ಪೂರ್ತಿ ಮುಳುಗಿಸಿ, ತಳ ತಾಗದಂತೆ ತೂಗಿ. ಸೀಸವಾದರೆ 2 ಕೆಜಿ 920 ಗ್ರಾಂ ಆಸುಪಾಸು ಬರಬೇಕು. ಹಿತ್ತಾಳೆಯಾದರೆ ಇನ್ನೂ 100 ಗ್ರಾಂ ಕಡಿಮೆ. ಹಳೆ ಅಂಗಡಿಗಳ ತೂಕದ ಬಟ್ಟಿನ ತಳದಲ್ಲೂ ಗುಳಿ ಇರುತ್ತದೆ, ಆದರೆ ಅದು ಕಬ್ಬಿಣ, ಆಯಸ್ಕಾಂತ ಬಿಡುವುದಿಲ್ಲ. ಗಾರೆಯವರ ತೂಗುಗುಂಡಿಗೆ ತಳ ಚೂಪು. ಬಲೆಯ ಗುಂಡು ಇಷ್ಟು ದೊಡ್ಡದಿರುವುದಿಲ್ಲ.

ಉಜ್ಜಿ ಹೊಳಪು ಬರಿಸಬೇಡಿ, ದಯವಿಟ್ಟು. ಸೀಸದ ಪುಡಿ ವಿಷ, ಕೊರೆದ ಗುರುತೂ ಹೋಗುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಸಿಕ್ಕ ಜಾಗ, ದಿನ, ಫೋಟೋ ಸೇರಿಸಿ ತಹಶೀಲ್ದಾರರಿಗೆ ಒಂದು ಪತ್ರ ಕೊಟ್ಟುಬಿಡಿ. ನೆಲದಲ್ಲಿ ಸಿಕ್ಕ ವಸ್ತುಗಳಿಗೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, 100 ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಬರುತ್ತದೆ. ಹಾಗೆಯೇ ಡಿಟೆಕ್ಟರ್ ಹಿಡಿದು ಮಿರ್ಜಾನ್ ಕೋಟೆಗೆ ಹೋಗುವ ಆಸೆ ಇದ್ದರೆ ಬಿಟ್ಟುಬಿಡಿ, ಅದು ಸಂರಕ್ಷಿತ ಜಾಗ. ಇನ್ನು ಮುಂದೆ ಎಲ್ಲಾದರೂ ತಿರುಪು ಬಿರಡೆ ಇರುವ ಕಬ್ಬಿಣದ ಗುಂಡು ಕಂಡರೆ, ಅದು ಸಿಡಿಯುವ ಗುಂಡಾಗಿರಬಹುದು, ಮುಟ್ಟದೆ 112ಕ್ಕೆ ಫೋನ್ ಮಾಡಿ.

ಮೇಲಿನ ತೂತಿನ ಹತ್ತಿರದ ಫೋಟೋ ಒಂದು ಹಾಕ್ತೀರಾ? ಹಗ್ಗ ಸವೆಸಿದ ಗೀರು ಇದೆಯೇ ನೋಡಬೇಕು.