ಉಪ್ಪುನೀರಿನ ಅಕ್ವೇರಿಯಂಗೆ ಹೊಸದಾಗಿ ತಂದ ಮೆಲನ್ಯೂರಸ್ ರಾಸ್ ಮೀನು ನಾಲ್ಕು ದಿನದಿಂದ ಕಾಣುತ್ತಿಲ್ಲ. ಮರಳು ಕೆದಕಿ ನೋಡಲೇ?

ಬೇಡ. ಮೆಲನ್ಯೂರಸ್ ಹೆದರಿದರೆ ಮರಳಿನೊಳಗೆ ಹೂತುಕೊಳ್ಳುತ್ತದೆ, ರಾತ್ರಿ ಮಲಗುವುದೂ ಅಲ್ಲೇ. ಹೊಸ ಟ್ಯಾಂಕಿನಲ್ಲಿ ವಾರದವರೆಗೆ ಹೊರಗೆ ಬರದಿದ್ದರೂ ಗಾಬರಿ ಬೇಕಿಲ್ಲ. ಕೆದಕಿದರೆ ಇನ್ನಷ್ಟು ಹೆದರುತ್ತದೆ. ಹಳೆಯ ಮರಳಿನ ತಳದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಮೇಲೆದ್ದರೆ ಉಳಿದ ಮೀನುಗಳಿಗೂ ಅಪಾಯ.

ನಿಮ್ಮ ಲೈಟು ಮಧ್ಯಾಹ್ನ 12ರಿಂದ ರಾತ್ರಿ 10ರವರೆಗೆ, ನೀವು ನೋಡುವುದು ಆಫೀಸಿನಿಂದ ಬಂದ ಮೇಲೆ 7ಕ್ಕೆ ಎಂದಿದ್ದೀರಿ. ನನ್ನ ಅನುಮಾನ ಅಲ್ಲೇ. ಮೀನು ಇಂಡೋನೇಷ್ಯಾದ್ದು ಎಂದು ಅಂಗಡಿಯವರು ಹೇಳಿದ್ದಾರಲ್ಲ. ಬಾಲಿಯಲ್ಲಿ ಸಂಜೆ 6 ಆದಾಗ ನಮ್ಮಲ್ಲಿ 3:30. ಮೊದಲ ಕೆಲವು ದಿನ ಮೀನಿನ ಮೈ ಊರಿನ ಹೊತ್ತನ್ನೇ ಹಿಡಿದಿರುತ್ತದೆ. ಲೈಟು ಬಂದಾಗ ಎದ್ದು ತಿರುಗಾಡಿ, ನೀವು ಬರುವಷ್ಟರಲ್ಲಿ ಮಲಗಿಬಿಟ್ಟಿರಬಹುದು. 12ರಿಂದ 3ರ ನಡುವೆ ಮನೆಯಲ್ಲಿದ್ದವರಿಗೆ ನೋಡಲು ಹೇಳಿ, ಇಲ್ಲವೇ ಫೋನಿನಲ್ಲಿ ವಿಡಿಯೊ ಇಡಿ. ಲೈಟಿನ ವೇಳೆ ಬದಲಿಸಬೇಡಿ, ಮೀನೇ ಹೊಂದಿಕೊಳ್ಳುತ್ತದೆ. ಲೈಟು ಬಂದ ಅರ್ಧ ಗಂಟೆಗೆ ಚಿಟಿಕೆಯಷ್ಟು ಮೈಸಿಸ್ (ಸಣ್ಣ ಸೀಗಡಿಯಂಥ ಮೀನಿನ ಆಹಾರ) ಹಾಕುತ್ತಿರಿ.

ಇವತ್ತೇ ಓವರ್‌ಫ್ಲೋ ಪೆಟ್ಟಿಗೆ (ಟ್ಯಾಂಕಿನ ಮೇಲಿನ ನೀರು ಹೊರಹೋಗುವ ಜಾಗ), ಸಂಪ್ (ಆ ನೀರು ಇಳಿಯುವ ಕೆಳಗಿನ ತೊಟ್ಟಿ), ಸ್ಟ್ಯಾಂಡಿನ ಹಿಂದಿನ ನೆಲ ನೋಡಿ. ಮನೆ ಟ್ಯಾಂಕಿನಿಂದ ರಾಸ್ ಹೊರಗೆ ಹಾರಿ ಸಾಯುವುದುಂಟು. ಮುಚ್ಚಳವಿಲ್ಲದಿದ್ದರೆ 6 ಮಿ.ಮೀ. ಕಣ್ಣಿನ ಪಾರದರ್ಶಕ ಬಲೆಯನ್ನು ಚೌಕಟ್ಟಿಗೆ ಬಿಗಿದು ಮುಚ್ಚಿ. ಪೈಪು, ವೈರು ಹೋಗುವ ಮೂಲೆಗಳನ್ನೂ ಬಿಡಬೇಡಿ. ಹಾರುವ ಮೀನಿಗೆ ಅಂಥ ಸಂದೇ ಸಾಕು. ನೀರಿನ ಅಮೋನಿಯಾವನ್ನೂ ಪರೀಕ್ಷಿಸಿ, ಸತ್ತ ಮೀನು ಕೊಳೆತರೆ ಅದು ಏರುತ್ತದೆ. ಆದರೆ ಸೊನ್ನೆ ಬಂದಿತೆಂದು ಮೀನು ಬದುಕಿದೆ ಅನ್ನಲಾಗದು, ಸತ್ತ ಸಣ್ಣ ಮೀನನ್ನು ಖಾಲಿ ಚಿಪ್ಪಿನಲ್ಲಿ ವಾಸಿಸುವ ಹರ್ಮಿಟ್ ಏಡಿಗಳು ಒಂದೇ ರಾತ್ರಿಯಲ್ಲಿ ಮುಗಿಸಬಲ್ಲವು.

ಮರಳು ನುಣ್ಣಗಿರಬೇಕು: ಅರ್ಧದಿಂದ ಒಂದು ಮಿ.ಮೀ. ಕಾಳು, ಕನಿಷ್ಠ 5 ಸೆಂ.ಮೀ. ಆಳ. ಪುಡಿ ಹವಳದ ದಪ್ಪ ಹರಳಿಗೆ ನುಗ್ಗಿದರೆ ಬಾಯಿ, ಹೊಟ್ಟೆ ತರಚಿ ಸೋಂಕಾಗುತ್ತದೆ.

ನಿಮ್ಮ ಸಿಕ್ಸ್‌ಲೈನ್ ರಾಸ್ ಮೇಲೂ ಕಣ್ಣಿಡಿ. ಅದು ಮರಳಿಗೆ ಇಳಿಯದು, ಕಲ್ಲಿನ ಸಂದಿಯಲ್ಲಿ ಲೋಳೆಯ ಗೂಡು ಕಟ್ಟಿ ಮಲಗುತ್ತದೆ. ಆದರೆ ಮೊದಲು ಬಂದದ್ದು ಅದಾದ್ದರಿಂದ ಹೊಸಬರನ್ನು ಅಟ್ಟಿಸಿಕೊಂಡು ಹೋಗುತ್ತದೆ. ಮೆಲನ್ಯೂರಸ್ ತಲೆ ಎತ್ತಿದ ಕೂಡಲೇ ಅದು ನುಗ್ಗಿದರೆ, ಸಿಕ್ಸ್‌ಲೈನನ್ನೇ ತೂತುಗಳಿರುವ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಒಂದು ವಾರ ಕೂಡಿಹಾಕಿ. ಇವೆರಡೂ ಒಂದೇ ಟ್ಯಾಂಕಿನಲ್ಲಿ ಇರುವುದು ನನಗಂತೂ ಒಪ್ಪಿಗೆಯಿಲ್ಲ.

ಮೆಲನ್ಯೂರಸ್ ಹೊರಬಂದ ಮೇಲೆ ದಿನಕ್ಕೆ ಎರಡು-ಮೂರು ಸಲ ಸ್ವಲ್ಪಸ್ವಲ್ಪ ತಿನ್ನಿಸಿ. ಹವಳ ಮುಟ್ಟುವುದಿಲ್ಲ, ಚಪ್ಪಟೆ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ, ಪುಟ್ಟ ಸೀಗಡಿಗಳನ್ನೂ ತಿಂದೀತು. ಮುಂದೆ ಇಂಥ ಮೀನನ್ನು ಕ್ವಾರಂಟೈನ್‌ನಲ್ಲಿಟ್ಟರೆ ಅಲ್ಲೂ ಒಂದು ಡಬ್ಬಿ ಮರಳಿಡಿ. ತಾಮ್ರದ ಔಷಧಿ ಹಾಕುವುದಾದರೆ ಸಿಲಿಕಾ ಮರಳೇ ಬೇಕು, ಅರಗೊನೈಟ್ (ಸುಣ್ಣದಂಶದ ಮರಳು) ತಾಮ್ರವನ್ನು ಹೀರಿಕೊಂಡು ಔಷಧಿಯ ಪ್ರಮಾಣ ಕೆಡಿಸುತ್ತದೆ.