ಕಲಾಪ್ರದರ್ಶನದಲ್ಲಿ ಕಲಾಕೃತಿಯ ಎದುರು ನಡೆಯುವ ಆಶುನೃತ್ಯ (ಆ ಕ್ಷಣದಲ್ಲೇ ಹುಟ್ಟುವ ನೃತ್ಯ) ನಿಜಕ್ಕೂ ಪೂರ್ವಸಿದ್ಧತೆ ಇಲ್ಲದ್ದೇ?

ಚಲನೆಗಳು ಮೊದಲೇ ನಿಗದಿಯಾಗಿರುವುದಿಲ್ಲ; ಆದರೆ ಎಷ್ಟು ಹೊತ್ತು, ಯಾವ ದಾರಿಯಲ್ಲಿ, ಕಲಾಕೃತಿಯಿಂದ ಎಷ್ಟು ದೂರದಲ್ಲಿ ಎಂಬ ಕಟ್ಟುಪಾಡುಗಳು ಸಾಮಾನ್ಯವಾಗಿ ಮೊದಲೇ ತೀರ್ಮಾನವಾಗಿರುತ್ತವೆ. ನನ್ನ ದೃಷ್ಟಿಯಲ್ಲಿ ಒಳ್ಳೆಯ ನರ್ತಕಿ ಕೃತಿಯ ಅರ್ಥವನ್ನು ಅಭಿನಯಿಸಿ ತೋರಿಸಲು ಹೋಗುವುದಿಲ್ಲ. ಉದಾಹರಣೆಗೆ, ಕಲಾಕೃತಿಯಾಗಿ ತೂಗುಹಾಕಿದ ಕಬ್ಬಿಣದ ಹಾಳೆಯ ಭಾರವನ್ನು ತನ್ನ ಹೆಗಲಿಗೆ ತಂದುಕೊಂಡು, ಅದು ಗಾಳಿಗೆ ಅಲುಗಿದಾಗ ಮೊಣಕಾಲು ಸಡಿಲಿಸಿ, ಅದು ನಿಂತಾಗ ತಾನೂ ನಿಲ್ಲುತ್ತಾಳೆ.

2003ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದಲ್ಲಿ ಕಲಾವಿದ ಓಲಾಫರ್ ಎಲಿಯಾಸನ್ ನಿರ್ಮಿಸಿದ್ದ ಕೃತಕ ಸೂರ್ಯನ ಎದುರು ಅಮೆರಿಕದ ನೃತ್ಯಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ಅವರ ತಂಡ ನರ್ತಿಸಿದ್ದು ಎಷ್ಟೇ ಸೊಗಸಾಗಿದ್ದರೂ ಈ ಬಗೆಯ ಆಶುನೃತ್ಯಕ್ಕೆ ಸೇರುವುದಿಲ್ಲ, ಏಕೆಂದರೆ ಅವರ ಅಂಥ ಪ್ರದರ್ಶನಗಳು ಹಿಂದಿನ ಕೃತಿಗಳಿಂದ ಆಯ್ದ ಭಾಗಗಳ ಹೊಸ ಜೋಡಣೆಗಳು. ಭರತನಾಟ್ಯದ ಮನೋಧರ್ಮದಲ್ಲಿ, ಅಂದರೆ ಸ್ಥಳದಲ್ಲೇ ಕಲ್ಪಿಸಿ ನರ್ತಿಸುವಾಗ, ಸಂಚಾರಿಗೆ (ಒಂದು ಸಾಲಿನ ಭಾವವನ್ನು ಅಭಿನಯದಿಂದ ವಿಸ್ತರಿಸುವುದಕ್ಕೆ) ಹಾಡಿನ ಸಾಹಿತ್ಯದ ಸಾಲು ಆಧಾರವಾದರೆ, ಕಲಾಪ್ರದರ್ಶನದ ಆಶುನೃತ್ಯದಲ್ಲಿ ಎದುರಿಗಿರುವ ವಸ್ತುವೇ ಆಧಾರ.