ಮದ್ದು ಕೊಡುವಾಗ ತಪ್ಪಾಯಿತು, ಯಾರಿಗೆ ಹೇಳಬೇಕು?

ಪ್ರಶ್ನೆ: ನಾವು ಬದಿಯಡ್ಕದವರು. ಅಮ್ಮನನ್ನು ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ರಾತ್ರಿ ಇನ್ಸುಲಿನ್ ಕೊಟ್ಟ ಮೇಲೆ ಮೈಯೆಲ್ಲ ಬೆವರಿ, ಮಾತು ತೊದಲಿತು. ನೋಡಿದರೆ ಶುಗರ್ 48. ಗ್ಲೂಕೋಸ್ ಏರಿಸಿ ಸರಿಮಾಡಿದರು. 10 ಯೂನಿಟ್ ಬದಲು 25 ಹೋಗಿತ್ತಂತೆ. ಡ್ಯೂಟಿಯಲ್ಲಿದ್ದ ಸಿಸ್ಟರ್ ಅತ್ತುಬಿಟ್ಟರು, ದೂರು ಕೊಟ್ಟರೆ ಕೆಲಸ ಹೋಗುತ್ತದೆ ಎಂದರು. ಅಮ್ಮ ಈಗ ಹುಷಾರಾಗಿದ್ದಾರೆ. ಸುಮ್ಮನಿರುವುದೇ ಒಳ್ಳೆಯದಾ?

ಉತ್ತರ: ಅಮ್ಮ ಹುಷಾರಾಗಿದ್ದಾರೆ ಎಂದು ಓದಿ ಸಮಾಧಾನವಾಯಿತು. ಆದರೆ ಸುಮ್ಮನಿರಬೇಡಿ. ನೀವು ಬರೆಯಬೇಕಾದ್ದು ಸಿಸ್ಟರ್ ಮೇಲೆ ಅಲ್ಲ, ನಡೆದದ್ದರ ಬಗ್ಗೆ.

10 ಹೋಗಿ 25 ಆಯಿತು ಎಂದು ಓದಿದಾಗಲೇ ನನಗೊಂದು ಅನುಮಾನ ಬಂತು. ನಮ್ಮಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಬಲದಲ್ಲಿ ಸಿಗುತ್ತದೆ. ಒಂದರಲ್ಲಿ ಎಂ.ಎಲ್.ಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜೂ ಎರಡು ಬಗೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಇನ್ಸುಲಿನನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು ಸರಿಯಾಗಿ 25! ಎರಡೂ ಸಿರಿಂಜ್ ಒಂದೇ ಟ್ರೇಯಲ್ಲಿದ್ದು, ರಾತ್ರಿ ಒಬ್ಬರೇ ಸಿಸ್ಟರ್ ಇಡೀ ವಾರ್ಡ್ ನೋಡುತ್ತಿದ್ದರೆ ಇದು ಯಾರ ಕೈಯಲ್ಲೂ ಆಗಬಹುದು. ಅವರನ್ನು ಕೆಲಸದಿಂದ ತೆಗೆದರೂ ಆ ಟ್ರೇ ಹಾಗೇ ಇರುತ್ತದೆ. ನಾಳೆ ಬೇರೆ ಸಿಸ್ಟರ್, ಬೇರೆ ಯಾರದೋ ಅಮ್ಮ.

ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟ್ ಅವರಿಗೆ ಒಂದು ಪತ್ರ ಬರೆಯಿರಿ. ಕನ್ನಡದಲ್ಲೇ ಸಾಕು. ದಿನ, ಹೊತ್ತು, ಡಾಕ್ಟರು ಹೇಳಿದ್ದೆಷ್ಟು, ಹೋದದ್ದೆಷ್ಟು, ಶುಗರ್ ಎಷ್ಟಕ್ಕೆ ಇಳಿಯಿತು ಎಂದು ಬರೆದು, ‘ಮತ್ತೆ ಹೀಗಾಗದಂತೆ ಏನು ಬದಲಾಯಿಸಿದಿರಿ?’ ಎಂದು ಕೇಳಿ. ‘ಸಿಸ್ಟರನ್ನು ತೆಗೆದೆವು’ ಎಂದರೆ ಅದು ಉತ್ತರವೇ ಅಲ್ಲ. ‘ಸಿರಿಂಜುಗಳನ್ನು ಬೇರೆ ಬೇರೆ ಇಟ್ಟೆವು, ಇನ್ನು ಇನ್ಸುಲಿನ್ ಡೋಸನ್ನು ಇಬ್ಬರು ನೋಡಿಯೇ ಕೊಡುತ್ತಾರೆ’ ಎಂದರೆ ನಿಮ್ಮ ಪತ್ರದಿಂದ ಕೆಲಸವಾಯಿತು ಎಂದು ತಿಳಿಯಿರಿ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಯಾದರೆ ಇಂಥ ತಪ್ಪುಗಳನ್ನು ದಾಖಲಿಸಿ ಕಾರಣ ಹುಡುಕಲೇಬೇಕು.

ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನೂ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡತೆಯ ನಿಯಮ ಹೇಳುತ್ತದೆ. ಮದ್ದಿನಿಂದಾದ ತೊಂದರೆಯನ್ನು ತಿಳಿಸಲು ಕೇಂದ್ರ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮವೂ ಇದೆ. ಫೋನ್ 1800-180-3024, ದುಡ್ಡಿಲ್ಲ. ರೋಗಿಯ ಕಡೆಯವರೂ ತಿಳಿಸಬಹುದು, ಹೆಸರು ಗುಟ್ಟಾಗಿರುತ್ತದೆ. ಆಸ್ಪತ್ರೆಯಿಂದ ಉತ್ತರವೇ ಬರದಿದ್ದರೆ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆಯಂತೆ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಸ್ಪತ್ರೆ ಮಂಗಳೂರಿನದ್ದಾದರೂ ಕಾಸರಗೋಡಿನಲ್ಲೇ ಕೊಟ್ಟರೆ ಸಾಕು, ಅದಕ್ಕಾಗಿ ಗಡಿ ದಾಟಬೇಕಿಲ್ಲ. ಎರಡು ವರ್ಷದೊಳಗೆ ಕೊಡಬೇಕು.

ಪ್ರಶ್ನೆ: ನಾನು ಮಂಜೇಶ್ವರ ಕಡೆಯವಳು, ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಇಂಜೆಕ್ಷನ್ ಕಲಸಲು ನೀರಿನ ಆಂಪ್ಯೂಲ್ ಎಂದು ಪೊಟಾಷಿಯಂ ಕ್ಲೋರೈಡ್ ಒಡೆದಿದ್ದೆ. ಸಿರಿಂಜಿಗೆ ಎಳೆಯುವಾಗ ಲೇಬಲ್ ಕಂಡು ಬಿಸಾಡಿದೆ. ‘ಏನೂ ಆಗಲಿಲ್ಲವಲ್ಲ, ಬರೆದು ರಗಳೆ ಯಾಕೆ?’ ಎಂದರು ಹೆಡ್ ಸಿಸ್ಟರ್.

ಉತ್ತರ: ಬರೆಯಿರಿ ತಂಗಿ, ಇವತ್ತೇ ಬರೆಯಿರಿ. ಪೊಟಾಷಿಯಂ ಕ್ಲೋರೈಡನ್ನು ಡ್ರಿಪ್ಪಿನಲ್ಲಿ ಬೆರೆಸಿ ನಿಧಾನವಾಗಿ ಕೊಡಬೇಕು. ಹಾಗೇ ನರಕ್ಕೆ ಚುಚ್ಚಿದರೆ ಹೃದಯ ನಿಂತುಹೋಗಬಹುದು. ಇದು ನಿಮಗೂ ಗೊತ್ತು, ಅದಕ್ಕೇ ನಿದ್ದೆ ಬಾರದೆ ನನಗೆ ಬರೆದಿದ್ದೀರಿ ಅನಿಸುತ್ತದೆ.

ಮದ್ದಿನ ತಪ್ಪುಗಳನ್ನು ಎ ಇಂದ ಐ ವರೆಗೆ ಒಂಬತ್ತು ಬಗೆ ಮಾಡುವ ಅಮೆರಿಕದ ಒಂದು ಕ್ರಮವಿದೆ. ಇಲ್ಲಿನ ಎಷ್ಟೋ ಆಸ್ಪತ್ರೆಗಳೂ ಅದನ್ನೇ ಬಳಸುತ್ತವೆ. ಐ ಎಂದರೆ ತಪ್ಪಿನಿಂದ ಜೀವ ಹೋಗಿರಬಹುದು ಎಂದು. ನಿಮ್ಮದು ಬಿ. ತಪ್ಪಾಯಿತು, ಆದರೆ ರೋಗಿಯವರೆಗೆ ಹೋಗಲಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳ ವರದಿ ಇದೇ. ಯಾರಿಗೂ ನೋವಾಗಿಲ್ಲ, ಆದರೂ ಅಪಾಯ ಎಲ್ಲಿದೆ ಎಂದು ಗೊತ್ತಾಯಿತು.

‘ನನ್ನ ಅಜಾಗರೂಕತೆ’ ಎಂದು ಮಾತ್ರ ಬರೆಯಬೇಡಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಆ ಎರಡು ಆಂಪ್ಯೂಲ್ ಎಲ್ಲೆಲ್ಲಿದ್ದವು? ನೋಡಲು ಒಂದೇ ಥರ ಇದ್ದವಾ? ನಡುವೆ ಯಾರಾದರೂ ಕರೆದರಾ? ಆ ಪಾಳಿಯಲ್ಲಿ ಎಷ್ಟು ಜನ ಇದ್ದಿರಿ? ಇದನ್ನು ಬರೆಯಿರಿ. ಪೊಟಾಷಿಯಂ ಆಂಪ್ಯೂಲನ್ನು ಸಾಮಾನ್ಯ ವಾರ್ಡಿನಲ್ಲಿ ಇಡದೆ ಫಾರ್ಮಸಿಯಲ್ಲೋ ಐಸಿಯುನಲ್ಲೋ ಬೀಗ ಹಾಕಿ ಇಡುವುದು ಇದಕ್ಕೆ ಸರಿಯಾದ ಪರಿಹಾರ. ನಿಮ್ಮ ಹೆಡ್ ಸಿಸ್ಟರಿಗೂ ಒಂದು ಮಾತು. ತಿಂಗಳಿಗೆ ಒಂದೂ ವರದಿ ಬಾರದ ವಾರ್ಡ್ ಕಂಡರೆ ನನಗೆ ಭಯವೇ ಜಾಸ್ತಿ. ಅಲ್ಲಿ ತಪ್ಪು ಆಗುತ್ತಿಲ್ಲ ಎಂದಲ್ಲ, ಹೇಳಲು ಹೆದರುತ್ತಿದ್ದಾರೆ ಎಂದು.

ಪ್ರಶ್ನೆ: ಅಪ್ಪನಿಗೆ ಬಿಪಿಗೆ ಮಂಗಳೂರಿನ ಡಾಕ್ಟರು ಒಂದು ಮಾತ್ರೆ ಬರೆದಿದ್ದಾರೆ. ನಮ್ಮ ಕುಟುಂಬ ಆರೋಗ್ಯ ಕೇಂದ್ರದಿಂದಲೂ ಒಂದು ಸಿಗುತ್ತದೆ. ಎರಡನ್ನೂ ತೆಗೆದುಕೊಳ್ಳುತ್ತಾರೆ, ಈಗ ತಲೆಸುತ್ತು. — ಪೆರ್ಲ

ಉತ್ತರ: ಎರಡೂ ಒಂದೇ ಮದ್ದು ಇರಬಹುದು. ಮಂಗಳೂರಿನ ಚೀಟಿಯಲ್ಲಿ ಕಂಪನಿ ಇಟ್ಟ ಹೆಸರು, ಆರೋಗ್ಯ ಕೇಂದ್ರದ ಮಾತ್ರೆಯಲ್ಲಿ ಮದ್ದಿನ ಸ್ವಂತ ಹೆಸರು. ಚೀಟಿ ಇಂಗ್ಲಿಷು, ಕೌಂಟರಿನಲ್ಲಿ ಹೇಳುವುದು ಮಲಯಾಳಂ, ಅಪ್ಪ ಓದುವುದು ಕನ್ನಡ. ಗಡಿಯಲ್ಲಿ ಇದು ದಿನಾ ಆಗುವಂಥದ್ದು. ಸ್ಟ್ರಿಪ್ಪಿನ ಮೇಲೆ ಸಣ್ಣ ಅಕ್ಷರದಲ್ಲಿ ಮದ್ದಿನ ಹೆಸರಿರುತ್ತದೆ. ಎರಡರಲ್ಲೂ ‘ಅಮ್ಲೋಡಿಪಿನ್ 5 ಎಂ.ಜಿ.’ ಎಂದೇ ಇದ್ದರೆ ಡೋಸ್ ಇಮ್ಮಡಿಯಾಗಿದೆ ಎಂದರ್ಥ. ಹಾಗೆಂದು ನೀವೇ ಎರಡನ್ನೂ ನಿಲ್ಲಿಸಬೇಡಿ. ಇವತ್ತೇ ಮನೆಯಲ್ಲಿರುವ ಮದ್ದನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಅಪ್ಪನನ್ನೂ ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ ಬಿಪಿ ನೋಡಿಸಿ. ಯಾವುದು ಬೇಕು, ಯಾವುದು ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಬೇಡದ್ದನ್ನು ಅಲ್ಲೇ ವಾಪಸ್ ಕೊಟ್ಟು ಬನ್ನಿ.